ರಾಜಾ ಎಂಬ ಹೆಣ್ಣು ಹಕ್ಕಿಗೆ ನಾನು ಮಾಡಿದ ಬಾಣಂತನ

ನಾನು ಆ ಮನೆಗೆ ಹೋದ ದಿನ ಬಾಣಂತಿ ಒಂದು ಸಲ ಹಿಂಡಿದ ಹಾಲು ಸೀಸೆಯಲ್ಲಿ ಮೂವತ್ತರ ಗೆರೆಯವರೆಗೆ ಇತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಇಪ್ಪತ್ತಕ್ಕೆ ಇಳಿಯಿತು. ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಬೇಕಾಗುತ್ತದೆ, ಅಂಕಿಯನ್ನು ಮಾತ್ರ ತಟ್ಟನೆ ಓದುತ್ತೇನೆ. ಇಳಿದ ಗೆರೆಯನ್ನು ಇಳಿದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ಆಗಲಿಲ್ಲ.

ಸಿಕಂದರಾಬಾದಿಗೆ ಲೋಕಲ್ ರೈಲು ಹೊರಡುವ ಲಿಂಗಂಪಲ್ಲಿ ಸ್ಟೇಷನ್ನಿಗೆ ಹತ್ತಿರ, ನಾಲ್ಕನೆಯ ಮಹಡಿಯ ಮನೆ. ಬಾಣಂತಿಯ ತಾಯಿ ಧಾರವಾಡದ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ನಾನು ಅವರನ್ನು ಬಾಯಾರು ಎನ್ನುತ್ತೇನೆ, ಅವರ ಮನೆಯವರೆಲ್ಲ ನನ್ನನ್ನು ಆಯಿ ಎನ್ನುತ್ತಾರೆ. ಹಿಂದೆ ಅವರ ಬಾಣಂತನ ಮಾಡಿ, ಈ ಹುಡುಗಿಯನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳು ನಾನೇ. ಅದಕ್ಕೇ ಸನತ್‌ನಗರದಿಂದ ನನ್ನನ್ನು ಕರೆಸಿದರು. ಆ ಮನೆಯಲ್ಲಿ ನಾನು ಹೇಳಿದ್ದೇ ಕಾಯಿದೆ.

ಆದರೆ ಈ ಸಲ ಎರೆಯಲು ಕೂಸು ಇರಲಿಲ್ಲ. ಏಳು ತಿಂಗಳಿಗೇ ಹುಡುಗಿಗೆ ಬಿ.ಪಿ. ಏರಿ, ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಗಂಡು. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಮಲಗುವಷ್ಟು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಇಟ್ಟಿದ್ದರು. ಐದನೆಯ ದಿನ ತಾಯಿಯನ್ನು ಮನೆಗೆ ಕಳಿಸಿದರು, ಕೂಸನ್ನು ಇಟ್ಟುಕೊಂಡರು. ಹುಡುಗಿ ಮೂರು ತಾಸಿಗೊಮ್ಮೆ ಯಂತ್ರದಿಂದ ಹಾಲು ಹಿಂಡಬೇಕು. ಅವಳ ಗಂಡ ಅದನ್ನು ಐಸಿನ ಡಬ್ಬಿಯಲ್ಲಿಟ್ಟು ದಿನಕ್ಕೆ ಎರಡು ಸಲ ಸ್ಕೂಟರಿನಲ್ಲಿ ಒಯ್ಯಬೇಕು. ಪುಡಿ ಹಾಲು ಇಷ್ಟು ಸಣ್ಣ ಕರುಳಿಗೆ ಒಗ್ಗದೆ ಹೋಗಬಹುದು, ತಾಯಿಯ ಹಾಲೇ ಬೇಕು ಎಂದು ಡಾಕ್ಟರು ಹೇಳಿದ್ದರು. ಕೂಸಿನ ಜೀವ ಆ ಸೀಸೆಯ ಗೆರೆಯಲ್ಲಿತ್ತು.

ಹಾಲು ಯಾಕೆ ಇಳಿಯುತ್ತಿದೆ ಎಂದು ಹುಡುಕಿದರೆ ಮೊದಲು ಸಿಕ್ಕದ್ದು ಹಕ್ಕಿ.

ಹುಡುಗಿ ಹೆರಿಗೆಗೆ ತವರಿಗೆ ಬರುವಾಗ ತನ್ನ ಹಕ್ಕಿಯನ್ನೂ ಪಂಜರದ ಸಮೇತ ತಂದಿದ್ದಳು. ಅಂಗಡಿಯವರು ಲವ್ ಬರ್ಡ್ ಎಂದು ಮಾರುವ, ತಿಳಿದವರು ಬಡ್ಜಿ ಎನ್ನುವ ಹಸಿರು ಪುಟ್ಟ ಗಿಣಿ. ಗಂಡು ಎಂದು ಅಂಗಡಿಯವನು ಕೊಟ್ಟಿದ್ದ, ಇವಳು ರಾಜಾ ಎಂದು ಹೆಸರಿಟ್ಟಿದ್ದಳು. ಎರಡು ವರ್ಷಕ್ಕೆ ರಾಜಾ ಮೊಟ್ಟೆ ಇಟ್ಟ. ಮರಿಯಾಗಿದ್ದಾಗ ಕೊಕ್ಕಿನ ಮೇಲಿನ ಮೂಗಿನ ಚರ್ಮ ತಿಳಿನೀಲಿ ಇತ್ತಂತೆ. ಈಗ ಒಣಗಿದ ಬೆಲ್ಲದಂತೆ ಕಂದಾಗಿ ಗಟ್ಟಿಯಾಗಿತ್ತು. ಅದು ಹೆಣ್ಣಿನ ಗುರುತು ಎಂದು ನನಗೆ ಆಮೇಲೆ ಗೊತ್ತಾಯಿತು. ಜೋಡಿ ಇಲ್ಲದ ಹಕ್ಕಿ, ಮೊಟ್ಟೆಯೊಳಗೆ ಏನೂ ಇರುವುದಿಲ್ಲ. ಆದರೂ ದಿನ ಬಿಟ್ಟು ದಿನ ಇಡುತ್ತಿತ್ತು.

ಬೆಳಕು ಹರಿಯುವ ಮೊದಲೇ ಅದರ ಕಿರುಚಾಟ ಶುರುವಾಗುತ್ತಿತ್ತು. ಇಷ್ಟು ಸಣ್ಣ ಗಂಟಲು, ಬೀಸುವ ಕಲ್ಲಿಗೆ ಮೊಳೆ ಸಿಕ್ಕಂಥ ದನಿ. ಹುಡುಗಿಗೆ ನಿದ್ದೆ ಬರುವುದೇ ಬೆಳಗಿನ ಜಾವ, ಆಗಲೇ ಇದು ಎಬ್ಬಿಸುತ್ತಿತ್ತು. ಯಂತ್ರ ಹಚ್ಚಿಕೊಂಡು ಕೂತಾಗ ಹಕ್ಕಿ ಕೂಗಿದರೆ ಅವಳ ಮೈ ಬಿಗಿಯುತ್ತಿತ್ತು. ಹನಿ ಬೀಳುತ್ತಿದ್ದದ್ದು ನಿಲ್ಲುತ್ತಿತ್ತು. ಕಣ್ಣಾರೆ ನೋಡಿದ್ದೇನೆ.

ಬಾಯಾರು ತಲೆ ಹಿಡಿದುಕೊಂಡು, “ಆಯಿ, ಅದರ ಕುತ್ತಿಗಿ ತಿರುವಿ ಒಗೀರಿ ಅತ್ತಾಗ” ಎಂದರು.

“ತಿರುವಬಹುದ್ರಿ. ಆಮ್ಯಾಲ ನಿಮ್ಮ ಮಗಳು ನನ್ನ ಕುತ್ತಿಗಿ ತಿರುವ್ತಾಳ” ಎಂದೆ.

ಒಳಗಿನ ಖೋಲಿಯಿಂದ ಹುಡುಗಿ ಕೇಳಿಸಿಕೊಂಡಳು. “ಅದನ್ನ ಯಾರಿಗೂ ಕೊಡಬ್ಯಾಡ್ರಿ, ಹೇಳಿಬಿಟ್ಟಿರ್ತೀನಿ. ಒಂದಂತೂ ಗಾಜಿನ ಪೆಟ್ಟಿಗ್ಯಾಗ ಹೋಗಿ ಮಲಗ್ಯದ. ಇದನ್ನೂ ಕಳಿಸಿದ್ರ ನಾ ಹಾಲು ಹಿಂಡೂದಿಲ್ಲ, ಏನ್ ಮಾಡ್ತೀರೋ ಮಾಡ್ರಿ.”

ಅವಳು ಹಟದ ಹುಡುಗಿ. ಎರೆಯುವಾಗಲೂ ಹಾಗೇ ಇದ್ದಳು. ಹಾಗಾಗಿ ನನಗೆ ಉಳಿದ ದಾರಿ ಒಂದೇ: ಹಕ್ಕಿ ಮನೆಯಲ್ಲೇ ಇರಬೇಕು, ಬಾಯಿ ಮುಚ್ಚಬೇಕು.

ನನಗೆ ಗೊತ್ತಿದ್ದದ್ದು ಒಂದು ವಿದ್ಯೆ. ಅದನ್ನೇ ಮಾಡಿದೆ. ಹೆತ್ತವಳು ಕಿರುಚಿದರೆ ಏನು ಮಾಡುತ್ತೇವೆ? ಗಾಳಿ ತಾಗದಂತೆ ಒಳಗೆ ಹಾಕುತ್ತೇವೆ, ಬೆಚ್ಚಗೆ ಇಡುತ್ತೇವೆ, ಪುಷ್ಟಿಯಾದದ್ದು ತಿನ್ನಿಸುತ್ತೇವೆ. ಹಾಲ್‌ನಲ್ಲಿದ್ದ ಪಂಜರವನ್ನು ಬಚ್ಚಲ ಪಕ್ಕದ ಸಣ್ಣ ಖೋಲಿಗೆ ಒಯ್ದೆ. ಬಾಣಂತಿಗೆ ನೀರು ಕಾಯಿಸುವ ಬಾಯ್ಲರು ಅಲ್ಲೇ ಇತ್ತು, ಖೋಲಿ ಬೆಚ್ಚಗಿರುತ್ತಿತ್ತು. ಪಂಜರದ ಮೇಲೆ ಕರಿ ಕಂಬಳಿ ಹೊದಿಸಿದೆ, ಹಗಲೂ ತೆಗೆಯಲಿಲ್ಲ. ಪಂಜರದಲ್ಲಿ ಒಂದು ಮಣ್ಣಿನ ಗಡಿಗೆ ಇತ್ತು, ಬದಿಗೆ ತೂತು ಇರುವಂಥದ್ದು, ಹಕ್ಕಿ ಮಾರುವವರು ಅದರ ಮನೆ ಎಂದು ಕೊಡುವುದು. ಅದರೊಳಗೆ ಹಳೆ ಸೀರೆಯ ಮೆತ್ತನೆಯ ಚೂರು ಹಾಸಿದೆ. ಬರೀ ನವಣೆ ತಿನ್ನುತ್ತಿದ್ದ ಹಕ್ಕಿಗೆ ಬೇಯಿಸಿದ ಮೊಟ್ಟೆ, ನೆನೆಸಿದ ಕಡಲೆ, ಕೊಬ್ಬರಿ ತುರಿ ಕೊಟ್ಟೆ. ಹುಡುಗಿಗೆ ಸಂಜೆ ಲೋಬಾನದ ಹೊಗೆ ಕೊಟ್ಟ ಮೇಲೆ ಅದೇ ಕೆಂಡವನ್ನು ಹಕ್ಕಿಯ ಖೋಲಿಗೂ ಒಯ್ದೆ. ಇಟ್ಟ ಮೊಟ್ಟೆ ಇಟ್ಟ ಹಾಗೆಯೇ ತೆಗೆದು ಎಸೆದೆ. ಭಾರ ಹೋದರೆ ಹಗುರಾಗುತ್ತದೆ ಎಂದು ನನ್ನ ಲೆಕ್ಕ.

ಎರಡು ದಿನ ದನಿ ತಗ್ಗಿತು. ನಾನು ಬೀಗಿದೆ. ಮೂರನೆಯ ದಿನ ಮೊಟ್ಟೆ ತೆಗೆಯಲು ಕೈ ಹಾಕಿದಾಗ ಗಡಿಗೆಯೊಳಗಿಂದ ಹಾರಿ ಬಂದು ಹೆಬ್ಬೆರಳ ಗೆಣ್ಣು ಕಚ್ಚಿ ಜೋತುಬಿತ್ತು. ಕೈ ಒದರಿದರೂ ಬಿಡಲಿಲ್ಲ. ರಕ್ತ ಬಂತು. ಸಿಟ್ಟಿನಲ್ಲಿ ಪಂಜರಕ್ಕೆ ಅಂಗೈಯಿಂದ ಬಡಿದೆ. ಅಂದಿನಿಂದ ನನ್ನ ಹೆಜ್ಜೆಯ ಸಪ್ಪಳ ಕೇಳಿದರೂ ಕಿರುಚಾಟ. ಸುಮ್ಮನಾಗಲಿ ಎಂದು ಒಂದು ಚೂರು ಕೊಬ್ಬರಿ ಕೊಡುವುದು, ಕೊಟ್ಟ ಕೂಡಲೇ ಸುಮ್ಮನಾಗುವುದು, ಮತ್ತೆ ಕಿರುಚುವುದು. ಅದಕ್ಕೆ ಬುದ್ಧಿ ಕಲಿಸುತ್ತಿದ್ದೇನೆ ಅಂದುಕೊಂಡೆ. ಅದು ನನಗೆ ಕಲಿಸುತ್ತಿತ್ತು.

ಹಾಲು ಹದಿನೈದಕ್ಕೆ ಬಂತು. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಅಂಟಿನುಂಡೆ, ಮೆಂತ್ಯದ ಗಂಜಿ, ನನ್ನ ಬುಟ್ಟಿಯಲ್ಲಿದ್ದದ್ದೆಲ್ಲ ಹಾಕಿದೆ. ಹುಡುಗಿ ಕೊಟ್ಟದ್ದೆಲ್ಲ ತಿನ್ನುತ್ತಿದ್ದಳು. ಗೆರೆ ಏರಲಿಲ್ಲ. ಆಸ್ಪತ್ರೆಯಲ್ಲಿ ಕೂಸಿಗೆ ಕೊಡುವ ಅಳತೆ ಏರುತ್ತಿತ್ತು, ಇಲ್ಲಿ ಬರುವ ಅಳತೆ ಇಳಿಯುತ್ತಿತ್ತು.

ಹೆರಿಗೆಯಾದ ಹದಿನಾರನೆಯ ದಿನ ಬೆಳಿಗ್ಗೆ ಕಿರುಚಾಟ ಕೇಳಲಿಲ್ಲ. ಕಂಬಳಿ ಸರಿಸಿದೆ. ಹಕ್ಕಿ ಪಂಜರದ ತಳದಲ್ಲಿ ಮೈಯೆಲ್ಲ ಉಬ್ಬಿಸಿಕೊಂಡು ಕೂತಿತ್ತು. ಕಣ್ಣು ಅರೆಮುಚ್ಚಿತ್ತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಬುಡದ ಹತ್ತಿರ ಹೊಟ್ಟೆ ಊದಿತ್ತು. ನಾನು ಹೆರಿಗೆ ನೋಡಿದವಳು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಟ್ಟೆ ಅಡ್ಡ ಸಿಕ್ಕಿತ್ತು.

ಹುಡುಗಿ ಬಾಗಿಲಿಗೆ ಬಂದು ನಿಂತಿದ್ದಳು. “ಆಯಿ, ಇದು ಹೋದ್ರ ನಂದೂ ಮುಗೀತು” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ.

ಹತ್ತಿರದ ದವಾಖಾನೆಗಳೆಲ್ಲ ನಾಯಿಯನ್ನು ನೋಡುವಂಥವು. ಹಕ್ಕಿ ನೋಡುವ ಡಾಕ್ಟರಮ್ಮ ಉಪ್ಪಲ್ ಕಡೆ ಇದ್ದಾರೆ ಎಂದು ಅಳಿಯ ಫೋನಿನಲ್ಲಿ ಹುಡುಕಿ ಹೇಳಿದ. ಊರಿನ ಈ ತುದಿಯಿಂದ ಆ ತುದಿ. ಅವನು ಹಾಲು ಒಯ್ಯಬೇಕು. ಬಾಯಾರು ಮಗಳನ್ನು ಬಿಟ್ಟು ಬರುವಂತಿಲ್ಲ. ನಾನೇ ಹೊರಟೆ. ರಟ್ಟಿನ ಡಬ್ಬಿಗೆ ತೂತು ಕೊರೆದು, ಬಿಸಿ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟು, ಹಕ್ಕಿಯನ್ನು ಅದರಲ್ಲಿ ಕೂರಿಸಿದೆ. ಲೋಕಲ್ ರೈಲಿನಲ್ಲಿ ಸಿಕಂದರಾಬಾದಿಗೆ, ಅಲ್ಲಿಂದ ಆಟೋ.

ಆಟೋದವನು ಕನ್ನಡಿಯಲ್ಲಿ ನೋಡಿ, “ಕ್ಯಾ ಖಾಲಾ, ತೋತಾ ಬೀಮಾರ್ ಹೈ?” ಎಂದು ಗಿಣಿಯ ಕಾಯಿಲೆ ವಿಚಾರಿಸಿದ.

“ಡಿಲೆವರಿ ಕೇಸ್ ಹೈ. ಧೀರೆ ಚಲಾ” ಎಂದೆ.

ಅವನು ನಗಲಿಲ್ಲ. ಒಂದೊಂದು ಗುಂಡಿಗೂ ಗಾಡಿ ನಿಧಾನ ಮಾಡಿದ. ಹಿಂದಿನವರು ಹಾರ್ನ್ ಹೊಡೆದರೆ ಕೈ ಹೊರಗೆ ಹಾಕಿ ಬೈದ.

ಡಾಕ್ಟರಮ್ಮ ಡಬ್ಬಿ ತೆರೆದು ನೋಡಿ, “ಏಂದಮ್ಮಾ ಇದಿ!” ಎಂದರು. ಅವರು ಆಡಿದ್ದು ತೆಲುಗು, ನಾನು ಇಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಸುಣ್ಣದ ಅಂಶದ ಸೂಜಿ ಚುಚ್ಚಿದರು, ಆವಿಯಿಂದ ಬೆಚ್ಚಗೂ ತೇವವಾಗಿಯೂ ಇದ್ದ ಪೆಟ್ಟಿಗೆಯಲ್ಲಿ ಇಟ್ಟರು, ಹಿಂಭಾಗಕ್ಕೆ ಎಣ್ಣೆಯಂಥದ್ದು ಸವರಿದರು. ಕೈಯಿಂದ ಒತ್ತಬೇಡಿ, ಒಳಗೆ ಒಡೆದರೆ ಹಕ್ಕಿ ಉಳಿಯುವುದಿಲ್ಲ ಎಂದರು. ಗಾಜಿನ ಪೆಟ್ಟಿಗೆಯ ಮುಂದೆ ಮೂರು ತಾಸು ಕೂತೆ. ಊರಿನ ಇನ್ನೊಂದು ಕಡೆ ಇನ್ನೊಂದು ಗಾಜಿನ ಪೆಟ್ಟಿಗೆ ಇದೆ, ಅದರ ಮುಂದೆ ನಮ್ಮ ಮನೆಯವರು ಯಾರೂ ಕೂತಿಲ್ಲ ಎಂದು ಆಗ ಒಮ್ಮೆ ನೆನಪಾಯಿತು. ಅದನ್ನು ಅಲ್ಲಿಗೇ ಬಿಟ್ಟೆ.

ಮಧ್ಯಾಹ್ನ ಎರಡರ ಹೊತ್ತಿಗೆ ಮೊಟ್ಟೆ ಬಿತ್ತು. ಸಿಪ್ಪೆ ಕಾಗದದಷ್ಟು ತೆಳು.

“ಈಗ ಹೇಳು, ಏನೇನು ಮಾಡಿದೆ?” ಎಂದು ಡಾಕ್ಟರಮ್ಮ ಕೇಳಿದರು. ನಾನು ನಾಚಿಕೆ ಇಲ್ಲದೆ ಹೇಳಿದೆ. ಕತ್ತಲು ಖೋಲಿ, ಶಾಖ, ಗಡಿಗೆ, ಮೆತ್ತೆ, ಕೊಬ್ಬರಿ, ಮೊಟ್ಟೆ, ಲೋಬಾನ. ಬಾಣಂತನದಲ್ಲಿ ನನ್ನನ್ನು ಮೀರಿಸಿದವರು ಈ ಊರಿನಲ್ಲಿ ಇಲ್ಲ ಎಂದೂ ಹೇಳಿದೆ.

ಅವರು ನನ್ನನ್ನೇ ನೋಡಿದರು. “ಅಮ್ಮಾ, ಹಕ್ಕಿಗೆ ಬಾಣಂತನ ಇರುವುದಿಲ್ಲ. ಕತ್ತಲ ಗೂಡು, ಬೆಚ್ಚನೆ ಜಾಗ, ಮೆತ್ತನೆ ಆಹಾರ ಸಿಕ್ಕಿದರೆ ಅದರ ಮೈ ಏನು ತಿಳಿಯುತ್ತದೆ? ಕಾಲ ಚೆನ್ನಾಗಿದೆ, ಮೊಟ್ಟೆ ಇಡು ಎಂದು. ಒಂದು ಎಸೆದರೆ ಇನ್ನೊಂದು ಇಡುತ್ತದೆ, ಲೆಕ್ಕ ತುಂಬಿಸಬೇಕಲ್ಲ. ಮೈಯಲ್ಲಿನ ಸುಣ್ಣವೆಲ್ಲ ಸಿಪ್ಪೆಗೆ ಹೋಗಿ ಖಾಲಿಯಾಗಿದೆ. ಕಚ್ಚುತ್ತದೆ ಅಂದೆಯಲ್ಲ, ಅದು ಕೆಟ್ಟ ಬುದ್ಧಿಯಲ್ಲ, ಗೂಡು ಕಾಯುತ್ತಿದೆ. ಇನ್ನು ಆ ಹೊಗೆ. ಇದರ ಪುಪ್ಪುಸ ಎಷ್ಟಿದೆ ಗೊತ್ತಾ? ಇನ್ನು ಸ್ವಲ್ಪ ದಿನ ಹೊಗೆ ಹಾಕಿದ್ದರೆ ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ.”

ನಾನು ಮಾಡಿದ ಒಂದೊಂದು ಉಪಕಾರವೂ ಅದನ್ನು ಸಾವಿನ ಕಡೆ ತಳ್ಳಿತ್ತು. ಬೈಸಿಕೊಂಡೆ. ಬೈಸಿಕೊಳ್ಳುವಂಥದ್ದೇ.

ಅವರು ಹೇಳಿದ್ದನ್ನು ಬೆರಳು ಮಡಚಿ ನೆನಪಿಟ್ಟುಕೊಂಡೆ. ಗಡಿಗೆ ಹೊರಗೆ. ಹಗಲು ಪಂಜರ ಬೆಳಕಿನಲ್ಲಿ, ಎಲ್ಲಿಯೂ ಗವಿಯಂಥ ಮೂಲೆ ಇರಬಾರದು. ಸಂಜೆ ಆರೂವರೆಗೆ ಬಟ್ಟೆ ಮುಚ್ಚಿದರೆ ಬೆಳಿಗ್ಗೆ ಆರೂವರೆವರೆಗೆ ತೆಗೆಯಬಾರದು. ರಾತ್ರಿ ಉದ್ದವಿದ್ದರೆ ಮೊಟ್ಟೆಯ ಕಾಲ ಮುಗಿಯಿತು ಎಂದು ಮೈಗೆ ತಿಳಿಯುತ್ತದೆ. ಕಾಳು ಮತ್ತು ಸೊಪ್ಪು ಮಾತ್ರ, ಸುಣ್ಣದ ಅಂಶಕ್ಕೆ ಕಡ್ಡಿಗೆ ಸಿಕ್ಕಿಸಿದ ಸಮುದ್ರ ನೊರೆಯ ಬಿಳಿ ಚೂರು. ಮತ್ತೆ ಮೊಟ್ಟೆ ಇಟ್ಟರೆ ಎಸೆಯದೆ ಕುದಿಸಿ ಆರಿಸಿ ಅದರ ಮುಂದೇ ಇಡಬೇಕು, ಬೇಸರವಾಗಿ ತಾನೇ ಬಿಡುತ್ತದೆ. ಬೆನ್ನು ಸವರಬಾರದು. ಕಿರುಚಿದಾಗ ಯಾರೂ ಹೋಗಬಾರದು, ತಿನ್ನಲು ಕೊಡಬಾರದು, ಬೈಯಲೂಬಾರದು. ಬೈಗುಳವೂ ಅದಕ್ಕೆ ಮಾತೇ. ಸಣ್ಣ ದನಿಯಲ್ಲಿ ಕರೆದಾಗ ಮಾತ್ರ ಉತ್ತರ ಕೊಡಬೇಕು.

ಕೊನೆಗೆ, “ಇದು ಯಾರ ಹಕ್ಕಿ?” ಎಂದು ಕೇಳಿದರು.

“ಬಾಣಂತೀದು. ಒಳಗಿರ್ತಾಳ, ಆಕಿ ಹತ್ರ ಯಾರನ್ನೂ ಬಿಡೂದಿಲ್ಲ” ಎಂದೆ.

ಅವರು ಏನೋ ಹೇಳಲು ಹೋಗಿ ಬಿಟ್ಟರು. ಹೊರಗೆ ಇನ್ನೊಬ್ಬರು ಬುಟ್ಟಿ ಹಿಡಿದು ಕಾಯುತ್ತಿದ್ದರು.

ಮನೆಗೆ ಬಂದು ಗಡಿಗೆ ತೆಗೆದು ಕೆಳಗಿನ ಕಸದ ತೊಟ್ಟಿಗೆ ಹಾಕಿದೆ. ಹುಡುಗಿ ಜಗಳಕ್ಕೆ ಬಂದಳು.

“ಅದರ ಮನೀ ಅದು ಆಯಿ! ಹಡದಾಕೀನ್ನ ಮನೀ ಬಿಟ್ಟು ಹೊರಗ ಹಾಕ್ತೀರಿ?”

“ಮನಿ ಅಲ್ಲ ಯವ್ವಾ, ಹೆರಿಗಿ ಖೋಲಿ. ಹೆರಿಗಿ ಖೋಲ್ಯಾಗ ಕುಂಡ್ರಿಸಿ ಹಡೀಬ್ಯಾಡ ಅಂದ್ರ ಹೆಂಗ ಕೇಳ್ತೈತಿ?”

ಪಂಜರ ಹಾಲ್‌ನ ಕಿಟಕಿಗೆ ಬಂತು. ಕಂಬಳಿ ಸಂಜೆಗೆ ಮಾತ್ರ. ಡಾಕ್ಟರಮ್ಮ ಹೇಳಿದ್ದೆಲ್ಲ ಒಂದೂ ಬಿಡದೆ ಮಾಡಿದೆ. ಮುಚ್ಚಿದ ಬಟ್ಟೆಯೊಳಗೆ ಬೆಳಗಿನ ಜಾವದ ಕಿರುಚಾಟ ನಿಂತಿತು, ನಿಜ. ಆದರೆ ಆರೂವರೆಗೆ ಬಟ್ಟೆ ತೆಗೆದ ಮೇಲೆ ಶುರುವಾದದ್ದು ಸಂಜೆಯವರೆಗೆ ನಿಲ್ಲಲಿಲ್ಲ. ಕಿರುಚಿದರೆ ಯಾರೂ ಹೋಗದೆ ಇದ್ದದ್ದಕ್ಕೆ ಇನ್ನೂ ಜೋರಾಗಿ ಕಿರುಚಿತು. ಗಡಿಗೆ ಇದ್ದ ಜಾಗದಲ್ಲಿ ನಿಂತು ತಂತಿ ಕಚ್ಚಿತು. ಕೆಳಗಿನ ಮನೆಯವರು ಬಂದು, “ಕ್ಯಾ ಆಂಟಿ, ಘರ್ ಮೇ ಫ್ಯಾಕ್ಟರಿ ಡಾಲೆ ಕ್ಯಾ?” ಎಂದು ಕೇಳಿ ಹೋದರು. ಒಂದು ದಿನ, ಎರಡು ದಿನ, ಮೂರು ದಿನ. ಹಾಲು ಹನ್ನೆರಡು, ಹತ್ತು, ಎಂಟು.

ಎಂಟು ಬಂದ ದಿನ ಆಸ್ಪತ್ರೆಯಿಂದ ಫೋನು ಬಂತು. ತಾಯಿ ಹಾಲು ಸಾಲುತ್ತಿಲ್ಲ, ನಾಳೆಯಿಂದ ಪುಡಿ ಹಾಲು ಬೆರೆಸಬೇಕಾಗುತ್ತದೆ, ಮನೆಯವರ ಒಪ್ಪಿಗೆ ಬೇಕು ಎಂದರು. ಅಳಿಯ ಗೋಡೆಗೆ ಒರಗಿ ಕೂತುಬಿಟ್ಟ. ಹುಡುಗಿ ಖಾಲಿ ಸೀಸೆ ಹಿಡಿದು ಗೋಡೆ ನೋಡುತ್ತಿದ್ದಳು. ಹಾಲ್‌ನಲ್ಲಿ ಹಕ್ಕಿ ಕಿರುಚುತ್ತಲೇ ಇತ್ತು.

ಬಾಯಾರು ಎದ್ದು ಪಂಜರ ಎತ್ತಿಕೊಂಡು ಬಾಲ್ಕನಿಗೆ ನಡೆದರು. ಬಾಗಿಲ ಕೊಂಡಿ ತೆಗೆಯಲು ಕೈ ಹಾಕಿದರು. ಕಟ್ಟೆಯ ಮೇಲೆ ಎರಡು ಕಾಗೆ ಕೂತಿದ್ದವು. ನಾನು ಓಡಿಹೋಗಿ ಪಂಜರದ ಬಾಗಿಲು ಹಿಡಿದುಕೊಂಡೆ.

“ಬಿಡ್ರಿ ಆಯಿ! ನನ್ನ ಮೊಮ್ಮಗನ್ನ ತಿನ್ಲಿಕ್ಕೆ ಬಂದದ ಇದು!”

“ಬಾಯಾರ, ಹೊರಗ ಬಿಟ್ರ ಆ ಕಾಗಿ ಬಿಡ್ತಾವೇನ್ರಿ? ನಿಮ್ಮ ಮಗಳು ಒಳಗ ಕುಂತು ಎಲ್ಲಾ ಕೇಳಾಕತ್ತಾಳ. ಇದು ಸತ್ರ ಎಂಟೂ ಇರೂದಿಲ್ಲ.”

“ಹಂಗಾರ ನೀವ ಸುಮ್ಮ ಮಾಡ್ರಿ! ಎಲ್ಲಾ ನೀವ ಹೇಳಿದ್ಹಂಗ ಮಾಡೀವಿ. ಏನ್ ಉಪಯೋಗ ಆತ್ರಿ?”

ಪಂಜರವನ್ನು ಅವರ ಕೈಯಿಂದ ಇಸಿದುಕೊಂಡೆ. “ಒಂದ ದಿನಾ ಕೊಡ್ರಿ” ಎಂದೆ.

ಮರುದಿನ ಬೆಳಿಗ್ಗೆಯಿಂದ ಪಂಜರದಿಂದ ದೂರ, ಅದಕ್ಕೆ ಕಾಣದಂತೆ ಅಡುಗೆ ಮನೆಯ ಹೊಸ್ತಿಲಲ್ಲಿ ಕೂತೆ. ಬಾಣಂತಿಗೆ ಬೆಳ್ಳುಳ್ಳಿ ಬಿಡಿಸುವ ಕೆಲಸ ಇದ್ದೇ ಇತ್ತು. ಎರಡು ತಟ್ಟೆ ಇಟ್ಟುಕೊಂಡೆ. ಹಕ್ಕಿ ಕಿರುಚಿದಾಗೆಲ್ಲ ಅದಕ್ಕೂ ಮೊದಲು ಮನೆಯಲ್ಲಿ ಯಾವ ಸಪ್ಪಳ ಆಯಿತು ಎಂದು ನೆನೆಸಿಕೊಂಡು ಒಂದು ಎಸಳು ಹಾಕುವುದು. ಕುಕ್ಕರು, ಗಂಟೆ, ಹೊರಗಿನ ಗಾಡಿ, ನನ್ನ ಹೆಜ್ಜೆ, ಇದೆಲ್ಲ ಎಡಗಡೆ ತಟ್ಟೆ. ಹುಡುಗಿಯ ಕೆಮ್ಮು, ಮಾತು, ಮಂಚದ ಸಪ್ಪಳ, ಅವಳ ಖೋಲಿಯ ಬಾಗಿಲು ಮುಚ್ಚಿದ ಸದ್ದು, ಇದೆಲ್ಲ ಬಲಗಡೆ.

ಮಧ್ಯಾಹ್ನಕ್ಕೆ ನೋಡಿದೆ. ಎಡಗಡೆ ನಾಲ್ಕೈದು ಎಸಳು. ಬಲಗಡೆ ತಟ್ಟೆ ತುಂಬಿತ್ತು.

ಅದು ಗಡಿಗೆಗಾಗಿ ಅಳುತ್ತಿರಲಿಲ್ಲ. ಗುಂಪಿನಲ್ಲಿ ಬದುಕುವ ಹಕ್ಕಿ, ಅದರ ಗುಂಪೆಂದರೆ ಈ ಹುಡುಗಿ ಒಬ್ಬಳೇ. ಅವಳ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಎಲ್ಲಿದ್ದೀ ಎಂದು ಕೂಗುತ್ತದೆ, ಉತ್ತರ ಬರುವುದಿಲ್ಲ, ಇನ್ನೂ ಜೋರಾಗಿ ಕೂಗುತ್ತದೆ. ಇದು ಯಾರ ಹಕ್ಕಿ ಎಂದು ಡಾಕ್ಟರಮ್ಮ ಸುಮ್ಮನೆ ಕೇಳಿರಲಿಲ್ಲ.

ಬಾಣಂತಿಯ ಖೋಲಿಯ ಬಾಗಿಲು ತೆರೆದಿಡಬಾರದು ಎನ್ನುವುದು ನನ್ನದೇ ಕಾಯಿದೆ. ಎದ್ದು ಹೋಗಿ ಬಾಗಿಲು ತೆಗೆದೆ. ಕಿಟಕಿಯ ಪರದೆ ಸರಿಸಿದೆ. ಪಂಜರವನ್ನು ಹುಡುಗಿಗೆ ಕಾಣುವ ಹಾಗೆ, ಹಾಲು ಹಿಂಡುವ ಸಾಮಾನಿಗೆ ಅದರ ಧೂಳು ತಾಗದಷ್ಟು ದೂರದಲ್ಲಿ, ಎತ್ತರದ ಮೇಜಿನ ಮೇಲೆ ಇಟ್ಟೆ. ಅವಳಿಗೆ ಪಾಠ ಹೇಳಿದೆ.

“ಒದರಿದ್ರ ಆ ಕಡೆ ನೋಡಬ್ಯಾಡ. ಸಣ್ಣಗ ಚಿಲಿಪಿಲಿ ಅಂದಾಗ ಒಂದ ಸೀಟಿ ಹಾಕು. ಮುಟ್ಟಬ್ಯಾಡ. ಬೆನ್ನ ಸವರೂದಂತೂ ಬ್ಯಾಡೇ ಬ್ಯಾಡ.”

“ಸೀಟಿ ಹಾಕಿದ್ರ ಹೊಲಿಗೆ ನೋಯ್ತದ ಆಯಿ.”

“ಸಣ್ಣ ಸೀಟಿ ಹಾಕು. ಸಿನಿಮಾ ನೋಡಾಕ ಹೋಗಿಲ್ಲ ನೀ.”

ಎಷ್ಟೋ ದಿನದ ಮೇಲೆ ಹುಡುಗಿ ಮೂಗಿನಲ್ಲೇ ನಕ್ಕಳು. ಹಕ್ಕಿ ಅವಳನ್ನು ಕಂಡು ಎರಡು ಸಲ ಜೋರಾಗಿ ಕೂಗಿತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಕಾಲು ತಾಸು ಕಾದೆವು. ಆಮೇಲೆ ಗಂಟಲೊಳಗೇ ಗೊಣಗಿದ ಹಾಗೆ ಒಂದು ದನಿ ಬಂತು. ಅವಳು ಸೀಟಿ ಹಾಕಿದಳು. ಹಕ್ಕಿ ತಲೆ ಓರೆ ಮಾಡಿ ಕೇಳಿತು. ಮತ್ತೆ ಅದೇ ಸಣ್ಣ ದನಿ. ಮತ್ತೆ ಸೀಟಿ.

ಒಂದೇ ದಿನಕ್ಕೆ ಸರಿಹೋಗಲಿಲ್ಲ. ಅಭ್ಯಾಸ ಬಿಡಲು ಅದಕ್ಕೂ ಸಮಯ ಬೇಕು. ಮರುದಿನ ಕಿರುಚಾಟ ಅರ್ಧಕ್ಕೆ ಇಳಿಯಿತು, ಅದರ ಮರುದಿನ ಕಾಲು ಭಾಗಕ್ಕೆ. ನಡುವೆ ಎರಡು ಮೊಟ್ಟೆ ಇಟ್ಟಿತು. ಕುದಿಸಿ ಆರಿಸಿ ಪಂಜರದ ನೆಲದಲ್ಲಿ ಇಟ್ಟೆ. ಎರಡು ದಿನ ಅದರ ಮೇಲೆ ಕೂತಿತು. ಮೂರನೆಯ ದಿನ ಕಾಲಿನಿಂದ ಉರುಳಿಸಿ ಕಡ್ಡಿಯ ಮೇಲೆ ಹೋಗಿ ಕೂತಿತು. ಕೈ ಹಾಕಿದರೆ ಕಚ್ಚಲು ಬರುವುದೂ ನಿಂತಿತು. ನಾನು ಕಡ್ಡಿ ಚಾಚಿದರೆ ಹತ್ತಿ ನಿಲ್ಲುವಷ್ಟು ಒಲಿಯಿತು. ಬಾಯಿ ತೆರೆದು ಗರಿ ಮೈಗೆ ಅಂಟಿಸಿಕೊಂಡು ನಿಂತರೆ ಸಿಟ್ಟು ಎಂದು ತಿಳಿದು ಕೈ ಹಿಂದೆಗೆಯುವುದನ್ನು ನಾನೂ ಕಲಿತೆ.

ಇಪ್ಪತ್ತನಾಲ್ಕನೆಯ ದಿನ ಮನೆ ಶಾಂತವಾಗಿತ್ತು. ಹುಡುಗಿ ನಾಲ್ಕು ತಾಸು ಒಂದೇ ನಿದ್ದೆ ಮಾಡಿ ಎದ್ದಳು. ಯಂತ್ರ ಹಚ್ಚಿದೆವು. ಗೆರೆ ನೋಡಿದೆ.

ಹನ್ನೆರಡು.

ಸೀಸೆಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಹನ್ನೆರಡೇ. ಹಕ್ಕಿ ಸುಮ್ಮನಾದರೆ ಹಾಲು ಬರುತ್ತದೆ ಎಂದು ನಂಬಿ ಇಷ್ಟು ದಿನ ಓಡಿದ್ದೆ. ಹಕ್ಕಿ ಸುಮ್ಮನಾಗಿತ್ತು. ನನ್ನ ಬುಟ್ಟಿಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಅಡುಗೆ ಮನೆಯ ನೆಲದಲ್ಲಿ ಕೂತೆ. ಆಸ್ಪತ್ರೆಯಲ್ಲಿ ಪುಡಿ ಹಾಲು ಶುರುವಾಗಿ ನಾಲ್ಕು ದಿನವಾಗಿತ್ತು, ಕೂಸಿನ ಹೊಟ್ಟೆ ಉಬ್ಬಿದೆ ಎಂದು ಹಿಂದಿನ ಸಂಜೆ ಹೇಳಿದ್ದರು.

ಆಗ ಆಸ್ಪತ್ರೆಯಿಂದ ಅಳಿಯನಿಗೆ ಫೋನು ಬಂತು. ಕೂಸಿನ ವಾರ್ಡಿನಲ್ಲಿ ರಾಯಚೂರಿನ ಒಬ್ಬ ನರ್ಸು ಇದ್ದಳು, ನಮ್ಮ ಮಾತು ಆಡುವವಳು. ಮೂರು ಸಲ ಹೇಳಿ ಕಳಿಸಿದ್ದಳು: ತಾಯಿಯನ್ನು ಕರೆತನ್ನಿ, ಕೂಸನ್ನು ಎದೆಗೆ ಕಟ್ಟಿ ಕೂರಿಸುತ್ತೇವೆ. ಮೂರು ಸಲವೂ ನಾನೇ ಆಗದು ಎಂದಿದ್ದೆ. ಗಾಳಿ ತಾಗುತ್ತದೆ, ಹೊಲಿಗೆ ಹಸಿ ಇದೆ, ನಲವತ್ತು ದಿನ ಬಾಣಂತಿ ಹೊಸ್ತಿಲು ದಾಟಬಾರದು. ಈಗಲೂ ಅಳಿಯ ಫೋನಿನಲ್ಲಿ, “ಇಲ್ರಿ ಸಿಸ್ಟರ್, ಆಯಿ ಒಪ್ಪೂದಿಲ್ರಿ” ಎನ್ನುವುದು ಕೇಳಿಸಿತು.

ಹಕ್ಕಿಯ ವಿಷಯದಲ್ಲಿ ನನ್ನ ವಿದ್ಯೆ ಒಂದಲ್ಲ ಎರಡಲ್ಲ, ಎಲ್ಲವೂ ತಲೆಕೆಳಗಾಗಿತ್ತು. ಹಕ್ಕಿ ಬೇರೆ, ಹೆಣ್ಣು ಬೇರೆ, ಅದು ನನಗೆ ಗೊತ್ತು. ಆದರೆ ಹಕ್ಕಿಗೆ ಹುಡುಗಿಯ ದನಿಯಾದರೂ ಕೇಳುತ್ತಿತ್ತು. ಹುಡುಗಿಗೆ ಕೂಸಿನ ದನಿಯೂ ಇಲ್ಲ, ವಾಸನೆಯೂ ಇಲ್ಲ. ಇಪ್ಪತ್ತನಾಲ್ಕು ದಿನ ಅವಳು ಗೋಡೆ ನೋಡಿಕೊಂಡು ಯಂತ್ರಕ್ಕೆ ಹಾಲು ಕೊಡುತ್ತಿದ್ದಳು. ಹಕ್ಕಿ ಕಿರುಚಿತು, ನಾವು ಓಡಾಡಿದೆವು. ಇವಳು ಕಿರುಚಲಿಲ್ಲ.

ಒಳಗೆ ಹೋಗಿ, “ಏಳು, ಸೀರಿ ಉಡು. ಆಸ್ಪತ್ರಿಗೆ ಹೋಗೂಣು” ಎಂದೆ.

ಬಾಯಾರು ಬಾಗಿಲಿಗೆ ಅಡ್ಡ ನಿಂತರು. “ಇನ್ನೂ ತಿಂಗಳಾಗಿಲ್ರಿ! ನಲವತ್ತ ದಿನಾ ಅಂತ ಹೇಳಿದಾಕಿ ನೀವ ಅಲ್ರಿ?”

“ನಾನ ಹೇಳಿದ್ದು. ತಪ್ಪ ಹೇಳಿದ್ದೆ.”

“ನಾಳೆ ಇಕೀಗೆ ನಂಜಾದ್ರ?”

“ಆದ್ರ ನನ್ನ ಬೈರಿ. ಕೂಸಿಗೆ ಏನರ ಆದ್ರ ಯಾರನ್ನ ಬೈತೀರಿ?”

ಹುಡುಗಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಅವಳ ತಲೆಗೆ ಬಟ್ಟೆ ಕಟ್ಟಿದೆ, ಕಿವಿಗೆ ಅರಳೆ ಇಟ್ಟೆ. ಅಷ್ಟು ಮಾತ್ರ ನನ್ನಿಂದ ಬಿಡಲಾಗಲಿಲ್ಲ. ಕಾರು ತರಿಸಿ ಕೂರಿಸಿದೆವು. ದಾರಿಯುದ್ದಕ್ಕೂ ಅವಳು ಹೊಟ್ಟೆ ಹಿಡಿದುಕೊಂಡಿದ್ದಳು.

ವಾರ್ಡಿನ ಬಾಗಿಲಲ್ಲಿ ನರ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀವ ಏನ್ರಿ ಆ ಆಯಿ? ಕೋರ್ಟಿನ ಆರ್ಡರಾದ್ರೂ ಬದಲಾಕ್ಕೈತಿ, ನಿಮ್ಮದು ಆಗೂದಿಲ್ಲ ಅಂತ ನಾವು ಮಾತಾಡ್ಕೊಂಡಿದ್ವಿ.”

“ಆಡ್ಕೊಳ್ರವ್ವಾ, ಆಮ್ಯಾಲ. ಮೊದಲ ಕೂಸು ಕೊಡ್ರಿ” ಎಂದೆ.

ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನ ಆಚೆ ನಿಂತೆ. ಹುಡುಗಿಯ ಕೈ ತೊಳೆಸಿ, ಒರಗು ಕುರ್ಚಿಯಲ್ಲಿ ಕೂರಿಸಿ, ಕುಪ್ಪಸ ಬಿಚ್ಚಿಸಿ, ಬರೀ ಲಂಗೋಟಿ ಹಾಕಿದ್ದ ಕೂಸನ್ನು ನಳಿಕೆ ಸಮೇತ ಎದೆಯ ನಡುವೆ ಇಟ್ಟು ಬಟ್ಟೆ ಸುತ್ತಿ ಕಟ್ಟಿದರು. ಇಟ್ಟ ಕೂಡಲೇ ಕೂಸಿನ ಉಸಿರು ಎಣಿಸುವ ಯಂತ್ರ ಕೂಗಿಕೊಂಡಿತು. ನರ್ಸು ಓಡಿ ಬಂದು ಕೂಸಿನ ಬೆನ್ನು ತಿಕ್ಕಿದಳು. ಕೊಂದೆನೇನೋ ಎಂದುಕೊಂಡು ಗಾಜಿಗೆ ಹಣೆ ಒತ್ತಿ ನಿಂತೆ. ಯಂತ್ರ ನಿಂತಿತು. ಮತ್ತೊಮ್ಮೆ ಕೂಗಿತು, ಮತ್ತೆ ನಿಂತಿತು. ಆಮೇಲೆ ಕೂಗಲಿಲ್ಲ. ಹುಡುಗಿ ಕೂಸಿನ ತಲೆಯ ಮೇಲೆ ಗದ್ದ ಊರಿ ಕೂತಿದ್ದಳು. ಒಂದು ತಾಸಾಯಿತು. ಕೂಸನ್ನು ಹಾಗೆಯೇ ಇಟ್ಟುಕೊಂಡು ಒಂದು ಬದಿಗೆ ಹಾಲಿನ ಯಂತ್ರ ಹಚ್ಚಿದರು.

ನರ್ಸು ಹೊರಗೆ ಬಂದು ಸೀಸೆಯನ್ನು ನನ್ನ ಮುಖದ ಮುಂದೆ ಹಿಡಿದಳು. “ಓದಾಕ ಬರ್ತೈತೇನ್ರಿ?”

ಮೂವತ್ತೆಂಟು. ಒಂದೇ ಬದಿ.

“ನಾಳಿ ಎಷ್ಟೊತ್ತಿಗಿ ಕರಕೊಂಡ ಬರ್ಲಿ?” ಎಂದು ಕೇಳಿದೆ.

“ನಾಳಿ ಯಾಕ? ತಾಯಂದ್ರಿಗೆ ಖೋಲಿ ಐತಿ. ಇಲ್ಲೇ ಇರ್ಲಿ.”

ನಾನು ಮನೆಗೆ ಫೋನು ಹಚ್ಚಿದೆ. “ಬಾಯಾರ, ಊಟ ಇನ್ನ ಇಲ್ಲಿಗೇ ಕಳಸ್ರಿ. ಹುಡುಗಿ ಕೂಸಿನ ಕೂಡ ಇರ್ತಾಳ” ಎಂದೆ. ಎಷ್ಟು ಬಂತು ಎಂದು ಕೇಳಿದರು. ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಹಿಂದಿನಿಂದ ಹಕ್ಕಿಯ ದನಿ ಕೇಳುತ್ತಿತ್ತು.

“ಇಕಿ ಹೋದಾಗಿಂದ ರಾಜಾ ಮತ್ತ ಒದರ್ಲಿಕ್ಕೆ ಹತ್ಯದ ಆಯಿ. ಏನ್ ಮಾಡ್ಲಿ?”

“ಒದರೂದು ಬಿಟ್ಟ ಮ್ಯಾಲ ಒಂದ ಸೀಟಿ ಹಾಕ್ರಿ.”

“ನನಗ ಸೀಟಿ ಹಾಕ್ಲಿಕ್ಕೆ ಬರೂದಿಲ್ರಿ!”

“ಕಲೀರಿ ಬಾಯಾರ. ನಿಮಗಿಂತ ದೊಡ್ಡಾಕಿ ನಾನು, ನಾನ ಕಲಿಯಾಕತ್ತೀನಿ” ಎಂದು ಫೋನು ಇಟ್ಟೆ.